ನಮ್ಮ ಮನೆಯಿಂದ ಮೊದಲು ಹಾರಿದವರು

ಮೊದಲೇ ಹೇಳಿಬಿಡುತ್ತೇನೆ. ಈ ವಾರ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವಿಮಾನದ ಬಾಲಕ್ಕೆ ಕೆಂಪು ಪಟ್ಟಿ ಇತ್ತು ಎಂದು ನನ್ನ ನೆನಪು. ನನ್ನ ಗಂಡ ಫೋಟೊ ತೋರಿಸಿ, ನೀಲಿ ಅನ್ನುತ್ತಾರೆ. (ಅವರು ಅಲ್ಲಿಗೆ ಬಂದೇ ಇರಲಿಲ್ಲ. ಆದರೂ ಅವರೇ ಸರಿ.) ಆ ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಮಂಜು ಬಿದ್ದಿತ್ತೋ, ಕಾರಿನ ಗಾಜೇ ಮಬ್ಬಾಗಿತ್ತೋ, ಅದೂ ಖಚಿತವಿಲ್ಲ.

ಒಂದು ಸಂಗತಿಯಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಹಾರುವ ವಿಮಾನದಿಂದ ನಮ್ಮ ಮನೆಯ ಪೈಕಿ ಮೊದಲು ಹೊರಕ್ಕೆ ಜಿಗಿದ ಹೆಂಗಸು ನಾನಲ್ಲ. ನನ್ನ ವಾರಗಿತ್ತಿ ಯಶೋದಕ್ಕ. ಮರೆಯೋಣವೆಂದರೆ ನಮ್ಮ ಬೀದಿ ಬಿಡಬೇಕಲ್ಲ? ಬೀದಿಯ ತುದಿಯಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ.

ಫ್ಲೆಕ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಹೊಟ್ಟೆಯುರಿಯನ್ನಾದರೂ ಕ್ರಮವಾಗಿ ಹೇಳಬೇಕು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹುಚ್ಚು ಗೊತ್ತು. ಸಾಯುವುದರೊಳಗೆ ಒಮ್ಮೆ ಆಕಾಶದಿಂದ ಬೀಳಬೇಕು ಎಂದು ಹಿಂದೊಮ್ಮೆ ಇಲ್ಲೇ ಬರೆದಿದ್ದೆ. ‘ಕ್ರಮ ತಿರುವುಮುರುವು ಆಗದಂತೆ ನೋಡಿಕೊಳ್ಳಿ’ ಎಂದು ಒಬ್ಬರು ಪ್ರತಿಕ್ರಿಯೆ ಕಳಿಸಿದ್ದರು. ಮದುವೆಗೆ ಮುಂಚಿನಿಂದಲೂ ಇದ್ದ ಆಸೆ ಅದು. ಎಂ.ಎ. ಓದುವಾಗ ಹಾಸ್ಟೆಲಿನ ಟೆರೇಸಿನಲ್ಲಿ ಮಲಗಿ ವಿಮಾನಗಳ ಹೊಟ್ಟೆ ನೋಡುತ್ತಿದ್ದೆ. ಎಲ್ಲರೂ ಅದರೊಳಗೆ ಕೂತು ಎಲ್ಲಿಗೋ ಹೋಗಬೇಕು ಅಂದುಕೊಳ್ಳುತ್ತಿದ್ದರು. ನನಗೆ ಅದರಿಂದ ಇಳಿಯಬೇಕು ಅನ್ನಿಸುತ್ತಿತ್ತು, ದಾರಿ ಮಧ್ಯೆ.

ಕೊನೆಗೂ ಅವಕಾಶ ಬಂತು. ಚಳಿಗಾಲದಲ್ಲಿ ಮೈಸೂರಿನ ಹತ್ತಿರದ ಏರ್‌ಸ್ಟ್ರಿಪ್ಪಿನಲ್ಲಿ ಟ್ಯಾಂಡಮ್ ಸ್ಕೈಡೈವಿಂಗ್ ಕ್ಯಾಂಪ್ ಇದೆ ಎಂದು ಫೇಸ್‌ಬುಕ್ಕಿನಲ್ಲಿ ಕಂಡಿತು. ಟ್ಯಾಂಡಮ್ ಅಂದರೆ ಒಬ್ಬರೇ ಜಿಗಿಯುವುದಲ್ಲ. ಪ್ಯಾರಾಚೂಟ್ ಇರುವುದು ತರಬೇತುದಾರರ ಬೆನ್ನಿಗೆ. ನಮ್ಮನ್ನು ಅವರ ಎದೆಗೆ ಪಟ್ಟಿಗಳಿಂದ ಬಿಗಿದಿರುತ್ತಾರೆ, ಕಾಂಗರೂ ಮರಿಯ ಹಾಗೆ. ನಾವು ಮಾಡಬೇಕಾದ ಕೆಲಸ ಬೀಳುವುದೊಂದೇ. ನನ್ನಂಥವರಿಗೆ ಹೇಳಿ ಮಾಡಿಸಿದ್ದು.

ಎರಡು ಸೀಟು ಬುಕ್ ಮಾಡಿದೆ. ನನಗೊಂದು, ಗಂಡನಿಗೊಂದು. ಹೊರಡುವ ಎರಡು ದಿನ ಮುಂಚೆ ಅವರು ತಲೆ ಕೆರೆದುಕೊಳ್ಳುತ್ತ ಅಡುಗೆಮನೆ ಬಾಗಿಲಿಗೆ ಬಂದರು. ಜಿಗಣಿಯಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪ್ ಇದೆ.

“ಸೋಮವಾರ ಡೆಲಿವರಿ ಕೊಡ್ಬೇಕು ಕಣೆ. ಭಾನುವಾರ ಮೆಷಿನ್ ನಿಲ್ಸೋ ಹಾಗಿಲ್ಲ.”

“ಹೆದರಿಕೆ ಅಂತ ಹೇಳಿ, ನಾನೇನೂ ಅನ್ಕೊಳಲ್ಲ.”

“ಹೆದರಿಕೆನೂ ಇದೆ. ಡೆಲಿವರಿನೂ ಇದೆ.”

ನಮ್ಮದು ಬೊಮ್ಮಸಂದ್ರದ ಫ್ಯಾಕ್ಟರಿಗಳ ಬೆನ್ನಿಗೆ ಅಂಟಿಕೊಂಡಿರುವ ಊರು. ಕೆಳಗಿನ ಅಂತಸ್ತಿನಲ್ಲಿ ಅತ್ತೆ, ಭಾವ, ಯಶೋದಕ್ಕ, ನಾವು. ಮೇಲಿನ ಮೂರು ಅಂತಸ್ತಿನಲ್ಲಿ ಹೆಣ್ಣುಮಕ್ಕಳ ಪಿ.ಜಿ. ಅದು ಅಕ್ಕನ ರಾಜ್ಯ. ನಾನು ಔಷಧದ ಫ್ಯಾಕ್ಟರಿಯೊಂದರ ಡಾಕ್ಯುಮೆಂಟೇಶನ್ ವಿಭಾಗಕ್ಕೆ ಹೋಗಿಬರುವವಳು. ಇಂಥ ಮನೆಯಲ್ಲಿ ಯಾವ ಮಾತೂ ಇಬ್ಬರ ನಡುವೆ ಉಳಿಯುವುದಿಲ್ಲ. ಅಂಗಳದಲ್ಲಿ ಕೂತಿದ್ದ ಅತ್ತೆಗೆ ಕೇಳಿಸಿತು.

“ಕಟ್ಟಿರೋ ಕಾಸು ವಾಪಸ್ ಬತ್ತದಾ?”

“ಇಲ್ಲ ಅತ್ತೆ.”

“ಅಂಗಾದ್ರೆ ದೊಡ್ಡೋಳು ಓಗ್ಲಿ ಬುಡು. ಅವಳಾದ್ರೂ ಎಲ್ ಓಗವಳೆ?”

ದೊಡ್ಡವಳು ಆಗ ಮಹಡಿ ಮೆಟ್ಟಿಲು ಇಳಿದು ಬರುತ್ತಿದ್ದರು, ಕೈಯಲ್ಲಿ ಪಿ.ಜಿ.ಯ ಸಾರಿನ ಪಾತ್ರೆ.

“ಎಲ್ಲಿಗೆ?”

“ಮೈಸೂರಿಗೆ ಅಕ್ಕ.”

“ಅಲ್ಲೇನಿದೆ?”

“ವಿಮಾನದಿಂದ ಕೆಳಕ್ಕೆ ಬೀಳೋದು.”

ಅಕ್ಕ ಪಾತ್ರೆ ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದರು. “ಸಾಯಂಕಾಲದೊಳಗೆ ಬಂದ್ಬಿಡ್ತೀವಾ? ಸೋಮವಾರಕ್ಕೆ ಇಡ್ಲಿ ಹಿಟ್ಟು ರುಬ್ಬಬೇಕು.”

ನೋಡಿ, ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಇಲ್ಲಿ. ನಾನು ಇಷ್ಟು ವರ್ಷ ಕಂಡ ಕನಸು ಅವರಿಗೆ ಹಿಟ್ಟು ರುಬ್ಬುವುದರೊಳಗೆ ಮುಗಿಸಿ ಬರಬೇಕಾದ ಕೆಲಸ. ಆಸೆಪಡದೆ ಸಿಗುವವರನ್ನು ಕಂಡರೆ ನಿಮಗೂ ಹೀಗೇ ಆಗುತ್ತದೆಯೇ? ನಮ್ಮ ಕ್ಲಾಸಿನಲ್ಲೊಬ್ಬಳಿದ್ದಳು, ಓದದೆಯೇ ಪಾಸಾಗುತ್ತಿದ್ದಳು. ಅವಳ ಮೇಲೆ ಇದ್ದ ಸಿಟ್ಟೇ ಇದು. ಇಷ್ಟು ವರ್ಷದ ಮೇಲೆ ವಿಳಾಸ ಹುಡುಕಿಕೊಂಡು ಬಂದಿತ್ತು.

ಭಾನುವಾರ ನಸುಕಿನಲ್ಲೇ ಹೊರಟೆವು. ಕಾರು ಓಡಿಸಿದ್ದು ನಾನು. ಅಕ್ಕ ಪಿ.ಜಿ.ಯ ಹುಡುಗಿಯೊಬ್ಬಳ ಟ್ರ್ಯಾಕ್ ಪ್ಯಾಂಟ್ ಇಸಿದುಕೊಂಡು ತೊಟ್ಟಿದ್ದರು. ಸೀರೆ ಬಿಟ್ಟು ಬೇರೆಯದರಲ್ಲಿ ನಾನು ಅವರನ್ನು ನೋಡಿಯೇ ಇರಲಿಲ್ಲ. ಚೆನ್ನಾಗಿ ಕಾಣುತ್ತಿದ್ದರು. (ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನೀವು ಊಹಿಸಬೇಕು.) ಅಲ್ಲಿ ಮೊದಲು ತೂಕ ನೋಡುತ್ತಾರೆ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವರು, ತೂಕದಲ್ಲಿ ಚಿಕ್ಕವರು. ಯಂತ್ರದ ಮುಳ್ಳು ನನ್ನ ಸರದಿಯಲ್ಲಿ ನಿಂತ ಕಡೆಗೆ ಬಗ್ಗಿ ನೋಡಿ, “ಇದು ಸರಿ ಇದ್ಯಾ?” ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅದೇ ಸಂಕಟ.

ಒಡವೆ ತೆಗೆಯಿರಿ ಅಂದರು. ಅಕ್ಕ ತಾಳಿಯನ್ನು ಒಳಗೆ ಸೇರಿಸಿ ಪಿನ್ ಹಾಕಿಕೊಂಡರು. ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ನಮ್ಮಿಬ್ಬರಿಗೂ ಒಂದು ಚಾಪೆಯ ಮೇಲೆ ಬೀಳುವ ಪಾಠ ನಡೆಯಿತು. ಎದೆ ಮುಂದೆ, ಕಾಲು ಹಿಂದೆ, ತಲೆ ಮೇಲೆ. ಬಾಳೆಹಣ್ಣಿನ ಆಕಾರಕ್ಕೆ ಬಾಗಬೇಕು. ಅಕ್ಕ ಒಂದೇ ಸಲಕ್ಕೆ ಬಾಳೆಹಣ್ಣಾದರು. ನನ್ನನ್ನು ಮೂರು ಸಲ ಬಗ್ಗಿಸಿದರು.

ಇನ್ನು ಮುಂದಿನದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ರೂಢಿ ಹೇಳಬೇಕು.

ನಮ್ಮಲ್ಲಿ ಏನೇ ಬಂದರೂ ಹಿರಿಸೊಸೆಗೆ ಮೊದಲು. ಬಾಗಿನ ಮೊದಲು ಅವರಿಗೆ. ಮುತ್ತೈದೆಯರಿಗೆ ಕುಂಕುಮ ಕೊಡುವಾಗ ಮೊದಲು ಅವರಿಗೆ. ಬಾಣಲೆಯಿಂದ ಎದ್ದ ಮೊದಲ ವಡೆ, ಹೊಸ ಕಾರಿನ ಮೊದಲ ಸುತ್ತು, ಹೊಸ ಗ್ಯಾಸ್ ಗೀಸರಿನ ಮೊದಲ ಸ್ನಾನ, ಎಲ್ಲ ಅವರದು. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ನನ್ನ ಬಾಯಿಗೆ ಒಂದು ವಾಕ್ಯ ಹತ್ತಿಕೊಂಡಿತು: “ಅಕ್ಕ, ನೀವು ಮೊದಲು.” ಸ್ವಲ್ಪ ನಕ್ಕು, ಒಂದು ಹೆಜ್ಜೆ ಹಿಂದೆ ಸರಿದು ಹೇಳಬೇಕು. ಊರಿನವರು ನನ್ನನ್ನು ‘ಓದಿದ್ರೂ ಎಷ್ಟು ತಗ್ಗಿ ಬಗ್ಗಿ ಅದೆ’ ಅನ್ನುವುದು ಈ ಒಂದು ವಾಕ್ಯದ ಬಲದಿಂದ.

ಅಲ್ಲಿ ನಾವು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತಿದ್ದೆವು. ಸಣ್ಣ ವಿಮಾನ. ಒಂದು ಸಲಕ್ಕೆ ನಮ್ಮಂಥವರು ಇಬ್ಬರಷ್ಟೇ. ಮಹದೇವಪುರದ ಯಾವುದೋ ಟೆಕ್ ಪಾರ್ಕಿನಿಂದ ಬಂದ ಹುಡುಗನೊಬ್ಬ ಆಗಲೇ ಪಟ್ಟಿ ಬಿಗಿಸಿಕೊಂಡು ನಿಂತಿದ್ದ. ಹೆಸರು ಕರೆಯುವ ಹುಡುಗಿ ನಮ್ಮ ಮುಂದೆ ಬಂದು ನಿಂತಳು.

“ಈ ರೌಂಡಿಗೆ ಇನ್ನೊಂದೇ ಸೀಟ್ ಇದೆ ಮೇಡಂ. ಇಬ್ರಲ್ಲಿ ಯಾರು?”

ಅಕ್ಕ ಎದ್ದು ನಿಂತರು.

ಅಷ್ಟೇ ನನಗೆ ನೆನಪಿರುವುದು. ನನ್ನತ್ತ ತಿರುಗಿದರೋ ಇಲ್ಲವೋ ಗೊತ್ತಿಲ್ಲ. ಎದ್ದರು, ಹೋದರು. ಸೀಟು ಬುಕ್ ಮಾಡಿದವಳು ನಾನು, ಕಾರು ಓಡಿಸಿದವಳು ನಾನು, ವರ್ಷಗಟ್ಟಲೆ ಹಂಬಲಿಸಿದವಳು ನಾನು. ಗಂಡ ಬಾರದ್ದಕ್ಕೆ ಜೊತೆಗೆ ಬಂದವರು ಎದ್ದು ಹೋದರು. ವಡೆಯ ಹಾಗೆ, ಕಾರಿನ ಹಾಗೆ.

ವಿಮಾನ ಏರುವುದನ್ನು ಕೆಳಗೆ ನಿಂತು ನೋಡಿದೆ. ಅದು ಸುತ್ತಿ ಸುತ್ತಿ ಮೇಲೇರಿ ಸೊಳ್ಳೆಯಷ್ಟಾಯಿತು. ಸದ್ದು ಮಾತ್ರ ಉಳಿಯಿತು. ಆಮೇಲೆ ಯಾರೋ ಬೆರಳು ತೋರಿಸಿದರು. ಒಂದು ಚುಕ್ಕೆ. ಚುಕ್ಕೆಯ ಮೇಲೆ ಇದ್ದಕ್ಕಿದ್ದಂತೆ ಬಣ್ಣದ ಛತ್ರಿ ಬಿಚ್ಚಿಕೊಂಡಿತು. ಅದರ ಕೆಳಗೆ ಎರಡು ಜೊತೆ ಕಾಲುಗಳು. ಯಾವುದು ಅಕ್ಕನ ಕಾಲು ಎಂದು ಹುಡುಕಿದೆ. ಬಿದ್ದು ಪೆಟ್ಟಾಗದಿರಲಿ ಎಂದು ದೇವರಲ್ಲಿ ಕೇಳಿಕೊಂಡೆ, ನಿಜ. ಆದರೆ ಇಳಿದಮೇಲೆ ‘ಅಯ್ಯೋ, ಇದು ನನಗಾಗೋ ಕೆಲಸ ಅಲ್ಲಪ್ಪ’ ಅನ್ನಲಿ ಎಂದೂ ಕೇಳಿಕೊಂಡೆ. ಒಂದೇ ಉಸಿರಿನಲ್ಲಿ ಎರಡು ಕೋರಿಕೆ. ದೇವರು ಮೊದಲನೆಯದನ್ನು ಮಾತ್ರ ನಡೆಸಿಕೊಟ್ಟ.

ಅಕ್ಕ ಹುಲ್ಲಿನ ಮೇಲೆ ಕೂತ ಹಾಗೆ ಇಳಿದರು. ಕೂದಲು ಕೆದರಿತ್ತು. ಪಟ್ಟಿ ಬಿಚ್ಚಿಸಿಕೊಂಡು ನೇರ ನನ್ನ ಬಳಿ ಬಂದು, “ಇಲ್ಲಿ ಕಾಫಿ ಸಿಗತ್ತಾ ಉಷಾ?” ಅಂದರು.

ಕಾಫಿ. ಆಕಾಶದಿಂದ ಬಂದವರು ಕೇಳುವ ಪ್ರಶ್ನೆಯೇ ಇದು?

ನನ್ನ ಸರದಿ ಬರುವ ಹೊತ್ತಿಗೆ ಗಾಳಿ ಎದ್ದಿತು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೊಂದು ಬಟ್ಟೆಯ ಚೀಲ ಕಟ್ಟಿರುತ್ತಾರೆ. ಬೆಳಿಗ್ಗೆಯೆಲ್ಲ ಸೊರಗಿ ನೇತಾಡುತ್ತಿದ್ದ ಅದು ಈಗ ಉಬ್ಬಿ ಅಡ್ಡಕ್ಕೆ ನಿಂತಿತ್ತು. ಕಾದೆವು. ಚೀಲ ಇಳಿಯಲಿಲ್ಲ. ಕೊನೆಗೆ ಆ ಹುಡುಗಿ ಬಂದು, ಇವತ್ತಿಗೆ ಇಷ್ಟೇ ಮೇಡಂ, ಬೇರೆ ದಿನ ಕೊಡ್ತೀವಿ ಅಂದಳು.

“ಏನಂತೆ?” ಅಕ್ಕ ಕಾಫಿ ಲೋಟ ಹಿಡಿದು ಕೇಳಿದರು.

“ಗಾಳಿ ಜಾಸ್ತಿ ಇದೆಯಂತೆ.”

“ಹೌದಾ. ಮೇಲೆ ಚೆನ್ನಾಗೇ ಇತ್ತಲ್ಲ.”

ವಾಪಸ್ ಬರುವಾಗ ಮಂಡ್ಯ ದಾಟುವ ಮೊದಲೇ ಅವರಿಗೆ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದು, ತಲೆ ಕಿಟಕಿಗೆ ಒರಗಿಸಿ, ಒಳ್ಳೆಯ ನಿದ್ದೆ. ನನಗೆ ಆ ನಿದ್ದೆಯ ಮೇಲೂ ಹೊಟ್ಟೆಯುರಿಯಿತು. ಬ್ಯಾಗಿನಲ್ಲಿ ಅವರ ಬಳೆಗಳು ರಸ್ತೆಯ ಪ್ರತಿ ಉಬ್ಬಿಗೂ ಸದ್ದು ಮಾಡುತ್ತಿದ್ದವು.

ಇಲ್ಲಿಗೆ ಮುಗಿದಿದ್ದರೆ ಒಂದು ವಾರದ ಮುನಿಸು. ಮುಗಿಯಲಿಲ್ಲ.

ಕಂಪನಿಯವರು ಅಕ್ಕನ ಫೋಟೊಗಳನ್ನು ಕಳಿಸಿದರು. ಪಿ.ಜಿ. ಹುಡುಗಿಯರು ಅದನ್ನು ವಾಟ್ಸಾಪಿನಲ್ಲಿ ಹಾಕಿದರು. ಎಲೆಕ್ಟ್ರಾನಿಕ್ ಸಿಟಿಯ ಯಾವ ಆಫೀಸಿನ ಗ್ರೂಪಿನಲ್ಲಿ ನೋಡಿದರೂ ನಮ್ಮಕ್ಕ, ಕೆನ್ನೆ ಗಾಳಿಗೆ ಉಬ್ಬಿಕೊಂಡು, ಎರಡೂ ಕೈ ಚಾಚಿಕೊಂಡು. ನವೆಂಬರ್ ಕೊನೆಗೆ ನಮ್ಮೂರಲ್ಲಿ ನಡೆಯುವ ರಾಜ್ಯೋತ್ಸವಕ್ಕೆ ಭಾವನ ಗೆಳೆಯರ ಬಳಗದವರು ಫ್ಲೆಕ್ಸ್ ಹಾಕಿಸಿದರು. ‘ಗಗನ ಸಾಹಸಿ ಶ್ರೀಮತಿ ಯಶೋದಮ್ಮನವರಿಗೆ ಹಾರ್ದಿಕ ಅಭಿನಂದನೆಗಳು’. ನಡುವೆ ಆಳೆತ್ತರದ ಅಕ್ಕ. ಅವರ ಸುತ್ತ, ಫ್ಲೆಕ್ಸ್ ಮಾಡುವವರ ಕಂಪ್ಯೂಟರಿನಲ್ಲಿ ಹೇಗೂ ಇರುತ್ತವಲ್ಲ, ಮೋಡಗಳು, ಒಂದು ಹದ್ದು. ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ದುಂಡು ದುಂಡು ಮುಖಗಳು. ಎರಡನೆಯ ಸಾಲಿನಲ್ಲಿ, ಕೋಳಿ ಅಂಗಡಿಯ ಮಾಲೀಕರ ಪಕ್ಕದಲ್ಲಿ, ನನ್ನ ಮುಖ. ನನ್ನ ಫ್ಯಾಕ್ಟರಿಯ ಐಡಿ ಕಾರ್ಡಿನ ಫೋಟೊ ಅದು. ಕೊಟ್ಟವರು ನನ್ನ ಗಂಡ.

ನಾನು ಶುಭ ಕೋರಿದ್ದೆನಂತೆ. ನನಗೇ ಗೊತ್ತಿರಲಿಲ್ಲ.

ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪೇಟ ಇಟ್ಟರು. ನೆಂಟರ ಗೃಹಪ್ರವೇಶಕ್ಕೆ ಹೋದರೆ ಅಕ್ಕನ ಸುತ್ತ ಗುಂಪು. “ಎಂಗಿತ್ತಕ್ಕ ಮ್ಯಾಲೆ?” ಅಕ್ಕ ಎಲೆ ಮುಂದೆ ಕೂತು ನಿಧಾನವಾಗಿ ಹೇಳುತ್ತಿದ್ದರು. “ಬಾಗ್ಲು ತೆಗೆದ್ರು ನೋಡು, ಗಾಳಿ ಹೆಂಗೆ ಅಂದ್ರೆ ಹಿಟ್ಟಿನ ಗಿರಣಿ ಬಾಯಿಗೆ ಮುಖ ಕೊಟ್ಟಂಗೆ. ಆಮೇಲೆ ಛತ್ರಿ ಬಿಚ್ಕೊಂತಲ್ಲ, ಒಂದ್ ಸದ್ದಿಲ್ಲ. ಕೆಳಗೆ ಹೊಲ ಗದ್ದೆ ಎಲ್ಲಾ, ಟೆರೇಸ್ ಮೇಲೆ ಬಟ್ಟೆ ಒಣಗಾಕಿದಂಗೆ. ಹಸುರು ಸೀರೆ ಒಂದು, ಹಳದಿ ಟವೆಲ್ ಒಂದು, ಅಲ್ಲೊಂದು ಮಾಸಲು ಪಂಚೆ.”

ಎಲ್ಲರೂ ಆಹಾ ಅಂದರು. ನಾನು ಪಕ್ಕದ ಎಲೆಯಲ್ಲಿ ಪಾಯಸ ಕಲಸುತ್ತಿದ್ದೆ. ನೀವೇ ಹೇಳಿ, ಸಾಹಸವನ್ನು ಕೊಂಡುಹೋದದ್ದು ಸರಿ, ಉಪಮೆಯನ್ನೂ ಕೊಂಡುಹೋಗಬೇಕೆ? ಅದು ನನ್ನ ಇಲಾಖೆ. ವಾರವಾರ ಕಾಲಂ ಬರೆಯುವವಳು ನಾನು.

ಈ ಹೊಟ್ಟೆಯುರಿಯ ಬಗ್ಗೆ ಬಹಳ ಯೋಚಿಸಿದ್ದೇನೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಮಾಲೀಕರ ಮೇಲೆ ನನಗೆ ಎಂದೂ ಹೊಟ್ಟೆಯುರಿದಿಲ್ಲ. ಅವರು ಯಾರೋ, ಅವರ ದುಡ್ಡು ಎಷ್ಟೋ. ದಿನವೂ ಪಕ್ಕದಲ್ಲಿ ಪೇಪರ್ ತಿರುವಿ ಹಾಕುವ ಸಹೋದ್ಯೋಗಿಗೆ ಒಂದು ಒಳ್ಳೆಯ ಕುರ್ಚಿ ಬಂದರೆ ಮಾತ್ರ ನಿದ್ದೆ ಕೆಡುತ್ತದೆ. ನಮ್ಮೂರನ್ನೇ ನೋಡಿ. ಜಮೀನು ಫ್ಯಾಕ್ಟರಿಗಳಿಗೆ ಹೋದಮೇಲೆ ಉಳಿದ ಸೈಟುಗಳಲ್ಲಿ ಎಲ್ಲರೂ ಬಾಡಿಗೆಗೆ ಮನೆ ಎಬ್ಬಿಸಿದರು. ಪಕ್ಕದವರು ನಾಲ್ಕನೇ ಅಂತಸ್ತು ಹಾಕಿದರೆ ಇವರು ಐದನೆಯದಕ್ಕೆ ಕಂಬಿ ಬಿಟ್ಟರು. ಬಾಡಿಗೆ ಬರುತ್ತದೆ ಎಂದು ಮಾತ್ರವಲ್ಲ. ಅವರ ನೀರಿನ ಟ್ಯಾಂಕ್ ನಮ್ಮ ಟ್ಯಾಂಕಿಗಿಂತ ಮೇಲೆ ಕೂತಿದೆಯಲ್ಲ, ಅದಕ್ಕೆ. ಒಂದೇ ಮಟ್ಟದಲ್ಲಿದ್ದವರು ಒಂದು ಅಂತಸ್ತು ಮೇಲೆ ಹೋದರೆ ಕತ್ತು ನೋಯುತ್ತದೆ. ಅಕ್ಕ ಮತ್ತು ನಾನು ಒಂದೇ ಒಲೆಯ ಮುಂದೆ ನಿಲ್ಲುವವರು.

ಸರಿ, ಜನವರಿಯಲ್ಲಿ ನನಗೂ ಬೇರೆ ದಿನ ಕೊಟ್ಟರು. ಗಂಡನಿಗೆ ಆಗಲೂ ಡೆಲಿವರಿ ಇತ್ತು. ಅಕ್ಕ, “ನಾನು ಬರ್ಲಾ ಜೊತೆಗೆ?” ಅಂದರು. ಬೇಡ ಅಂದೆ. ಸ್ವಲ್ಪ ಬೇಗನೇ ಅಂದೆ ಅನ್ನಿಸುತ್ತದೆ. ಒಬ್ಬಳೇ ಹೋದೆ.

ನನ್ನ ತರಬೇತುದಾರರು ಕೊಡಗಿನ ಕಡೆಯವರು, ಸೈನ್ಯದಿಂದ ನಿವೃತ್ತರು. ಗಾಳಿ ಇರಲಿಲ್ಲ. ಚೀಲ ಸೊರಗಿ ನೇತಾಡುತ್ತಿತ್ತು. ವಿಮಾನದಲ್ಲಿ ಸೀಟುಗಳಿರುವುದಿಲ್ಲ, ನೆಲದ ಮೇಲೆ ಅವರ ಕಾಲುಗಳ ನಡುವೆ ಬೆನ್ನು ಕೊಟ್ಟು ಕೂರಬೇಕು. ಅಪರಿಚಿತ ಗಂಡಸಿಗೆ ಅಷ್ಟು ಬಿಗಿಯಾಗಿ ಕಟ್ಟಿಸಿಕೊಂಡು ಕೂತ ಮುಜುಗರ ಮೊದಲ ಕೆಲವು ನಿಮಿಷ. ಚಾಮುಂಡಿ ಬೆಟ್ಟ ಚಿಕ್ಕದಾಗುತ್ತ ಬಂದ ಹಾಗೆ ಮುಜುಗರ ಹೋಯಿತು, ಇನ್ನೂ ಬಿಗಿಯಾಗಿ ಕಟ್ಟಿರಬಾರದಿತ್ತೇ ಅನ್ನಿಸಿತು.

“ಮೇಡಂ, ಮೊದಲ ಸಲಾನಾ?” ಅವರು ಕಿವಿಯ ಹತ್ತಿರ ಕೇಳಿದರು.

“ಹೂಂ. ನಮ್ಮಕ್ಕ ನವೆಂಬರಿನಲ್ಲಿ ಬಂದಿದ್ರು.”

ನೋಡಿ, ಅಲ್ಲೂ ಅಕ್ಕನ ಸುದ್ದಿ ತೆಗೆದವಳು ನಾನೇ.

ಬಾಗಿಲು ತೆರೆದರು. ಗಾಳಿ ನುಗ್ಗಿತು. ಹಿಟ್ಟಿನ ಗಿರಣಿ ಬಾಯಿಗೆ ಮುಖ ಕೊಟ್ಟಂತೆ. ನನ್ನ ಸ್ವಂತ ಹೋಲಿಕೆಯೊಂದನ್ನು ಹುಡುಕಿದೆ, ಸಿಗಲಿಲ್ಲ. ಕೂತಲ್ಲೇ ಸರಿದು ಸರಿದು ಬಾಗಿಲಿಗೆ ಬಂದೆವು. ನನ್ನ ಕಾಲುಗಳು ಹೊರಗೆ ಇಳಿಬಿದ್ದವು. ಕೆಳಗೆ ನೆಲ ಎಂಬುದು ಬಹಳ ಹಳೆಯ ಸುದ್ದಿಯ ಹಾಗೆ ಎಲ್ಲೋ ಇತ್ತು.

“ರೆಡಿನಾ ಮೇಡಂ?”

ಆಗ ನನ್ನ ಬಾಯಿಂದ ಒಂದು ಮಾತು ಹೊರಬಿತ್ತು. ಯೋಚಿಸಿ ಆಡಿದ್ದಲ್ಲ. ಸ್ವಲ್ಪ ನಗುತ್ತ, ಒಂದಿಷ್ಟು ಹಿಂದಕ್ಕೆ ಸರಿಯಲು ನೋಡುತ್ತ, ತುಂಬ ವಿನಯದಿಂದ ಹೇಳಿದೆ.

“ನೀವು ಮೊದಲು ಹೋಗಿ.”

ಬೆನ್ನ ಹಿಂದಿನ ಎದೆ ನಗುವಿನಿಂದ ಕುಲುಕಿದ್ದು ನನಗೆ ಗೊತ್ತಾಯಿತು.

“ಮೇಡಂ, ನಿಮ್ಮನ್ನ ನನಗೇ ಕಟ್ಟಿರೋದು. ಇಬ್ರೂ ಒಟ್ಟಿಗೇ ಹೋಗೋದು.”

ಹೋದೆವು.

ಬೀಳುವಾಗ ಏನನ್ನಿಸಿತು ಎಂದು ನೀವು ಕೇಳುತ್ತೀರಿ. ಹೊಟ್ಟೆ ಬಾಯಿಗೆ ಬಂದದ್ದು, ಕಣ್ಣಲ್ಲಿ ನೀರು, ಕಿರುಚಲು ಬಾಯಿ ತೆರೆದರೆ ಗಾಳಿಯೇ ಒಳಗೆ ಬಂದದ್ದು. ಇವೆಲ್ಲ ಆದವು. ಆಗಿರಬೇಕು. ಅಥವಾ ಇವೆಲ್ಲ ಅಕ್ಕ ಹೇಳಿದ್ದೇ ಇರಬಹುದು. ಛತ್ರಿ ಬಿಚ್ಚಿಕೊಂಡು ಜೋರಾಗಿ ಮೇಲಕ್ಕೆ ಎಳೆದ ಹಾಗಾಗಿ ಎಲ್ಲ ನಿಶ್ಶಬ್ದವಾದಾಗ ಕೆಳಗೆ ನೋಡಿದೆ. ಹೊಲ ಕಾಣಲಿಲ್ಲ. ಹಸುರು ಸೀರೆ ಕಂಡಿತು, ಹಳದಿ ಟವೆಲ್ ಕಂಡಿತು. ಮಾಸಲು ಪಂಚೆಯನ್ನು ನಾನೇ ಹುಡುಕಿ ನೋಡಿದೆ. ಅದೂ ಅಲ್ಲೇ ಇತ್ತು. ಬೇರೆಯವರು ಉಟ್ಟು ಬಿಟ್ಟ ಆಕಾಶ ಅದು.

ಆದರೆ ನಿಜವಾಗಿ ಆ ನಿಶ್ಶಬ್ದದಲ್ಲಿ ನನಗೆ ಕೇಳುತ್ತಿದ್ದದ್ದು ನನ್ನದೇ ಮಾತು. ‘ನೀವು ಮೊದಲು ಹೋಗಿ.’

ಆ ದನಿ ನನಗೆ ಚೆನ್ನಾಗಿ ಗೊತ್ತಿದ್ದದ್ದು. ಮದುವೆಯಾದಂದಿನಿಂದ ನಾನು ಅಡುಗೆಮನೆಯಲ್ಲಿ, ಪೂಜೆಯಲ್ಲಿ, ಮೆಟ್ಟಿಲ ಮೇಲೆ ಆಡಿಕೊಂಡು ಬಂದ ದನಿ. ಅದು ಗೌರವದ ದನಿ ಎಂದು ನಾನೂ ನಂಬಿದ್ದೆ, ಊರೂ ನಂಬಿತ್ತು. ವಿಮಾನದ ಬಾಗಿಲಲ್ಲಿ ಆ ಮನುಷ್ಯನಿಗೆ ನಾನು ಯಾವ ಗೌರವ ಕೊಡುತ್ತಿದ್ದೆ? ನನ್ನ ತೊಡೆಗಳು ಅದುರುತ್ತಿದ್ದವು. ಹಾಗಾದರೆ ಗೀಸರಿನ ಮೊದಲ ಸ್ನಾನ ಬಿಟ್ಟುಕೊಟ್ಟದ್ದು? ಅದು ಹೊತ್ತಿಕೊಳ್ಳುವಾಗ ಭುಗ್ ಎಂದು ಸದ್ದು ಮಾಡುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತಲ್ಲವೇ? ಹೊಸ ಕಾರಿನ ಮೊದಲ ಸುತ್ತಿಗೆ ಚಾಲಕರಾಗಿ ಕೂತಿದ್ದದ್ದು ಆಗಷ್ಟೇ ಲೈಸೆನ್ಸ್ ಪಡೆದಿದ್ದ ಭಾವ ಅಲ್ಲವೇ? (ವಡೆಯ ವಿಷಯದಲ್ಲಿ ಮಾತ್ರ ಅದು ಅಪ್ಪಟ ಗೌರವ. ವಡೆಗೆ ನಾನು ಹೆದರುವುದಿಲ್ಲ.)

ಆಮೇಲೆ ಪ್ಲಾಸ್ಟಿಕ್ ಕುರ್ಚಿ ನೆನಪಾಯಿತು. ‘ಇಬ್ರಲ್ಲಿ ಯಾರು?’ ಎಂದು ಆ ಹುಡುಗಿ ಕೇಳಿದ್ದು. ಅಕ್ಕ ಎದ್ದದ್ದು. ಈ ಎರಡರ ನಡುವೆ ಏನಾದರೂ ಇತ್ತೇ? ನಾನು ಏನಾದರೂ ಅಂದೆನೇ? ಆಡಿದ್ದು ನೆನಪಿಲ್ಲ. ಆದರೆ ವಿಮಾನದ ಬಾಗಿಲಲ್ಲೂ ತರಬೇತುದಾರರು ನಗದಿದ್ದರೆ, ನಾನು ಆ ಮಾತು ಆಡಿದ್ದು ನನಗೆ ಗೊತ್ತಾಗುತ್ತಿತ್ತೇ?

ಮನೆಗೆ ಬಂದೆ. ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆದು, “ಬಂದ್ಯಾ? ಕೈಕಾಲ್ ತೊಳ್ಕೊಂಡು ಉಣ್ಣು” ಅಂದರು. ಮೆಟ್ಟಿಲಲ್ಲಿ ಎದುರಾದ ಪಿ.ಜಿ. ಹುಡುಗಿ, “ಆಂಟಿ, ನೀವೂ ಯಶೋದಾ ಆಂಟಿ ಥರಾನೇ ಮಾಡಿದ್ರಂತೆ, ಸೂಪರ್” ಅಂದಳು. ನೀವೂ. ಯಶೋದಾ ಆಂಟಿ ಥರಾ. ಆಕಾಶದಲ್ಲೂ ನಾನು ಕಿರಿಸೊಸೆಯೇ. ಫ್ಲೆಕ್ಸ್ ಹಾಕಿಸುವ ಮಾತು ಯಾರೂ ಎತ್ತಲಿಲ್ಲ. ಭಾವ ಮಾತ್ರ, “ಒಂದೇ ಮನೆಯಿಂದ ಇಬ್ರು ಅಂದ್ರೆ ಸಕ್ಕತ್ತಮ್ಮ” ಎಂದು ಸಮಾಧಾನ ಹೇಳಿದರು. ಅಕ್ಕ ಒಬ್ಬರೇ ನನ್ನ ಮುಖ ನೋಡಿ, “ಹೆಂಗಾಯ್ತೇ?” ಎಂದು ಕೇಳಿದ್ದು.

“ಚೆನ್ನಾಗಿತ್ತು.”

“ಭಯ ಆಯ್ತಾ?”

“ಇಲ್ಲಪ್ಪ.”

ಅಕ್ಕ ತಲೆಯಾಡಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಅಲ್ಲ, ಏನೋ ಕಂಡಿತು. ನಾನು ನೋಡದ ಹಾಗೆ ತಿರುಗಿಕೊಂಡೆ.

ನನಗೀಗ ಆಗಿರುವ ತೊಂದರೆ ಇದು. ಅಕ್ಕ ನನ್ನ ಸರದಿ ಕಿತ್ತುಕೊಂಡರು ಎಂದು ಇಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದೆ. ಆ ಉರಿಗೊಂದು ಹಕ್ಕಿತ್ತು. ಬೆಚ್ಚಗಿತ್ತು. ಒಂದು ವೇಳೆ ಅವರು ಕಿತ್ತುಕೊಳ್ಳದೆ, ನನ್ನ ಬಿಳಿಚಿದ ಮುಖ ನೋಡಿ, ಆ ಹುಡುಗಿಯ ಮುಂದೆ ನಾನು ಸಣ್ಣವಳಾಗುವುದು ಬೇಡವೆಂದು ಎದ್ದಿದ್ದರೆ? ಹೆದರಿಕೆಯಿಲ್ಲದವರು ಎದ್ದರೆ ಸಾಹಸ, ಸರಿ. ಅವರಿಗೂ ಒಳಗೆ ನಡುಕವಿದ್ದು, ಅದನ್ನು ನುಂಗಿಕೊಂಡು ಎದ್ದಿದ್ದರೆ? ಆಗ ಫ್ಲೆಕ್ಸಿನ ಮೇಲೆ ಅವರ ಫೋಟೊ ಇನ್ನೂ ದೊಡ್ಡದಾಗಿರಬೇಕಿತ್ತು. ಆಗ ನಾನು ಯಾವುದರ ಮೇಲೆ ಹೊಟ್ಟೆಯುರಿಯಲಿ? ಅವರ ಒಳ್ಳೆಯತನದ ಮೇಲೆಯೇ? (ಮಾಡಬಲ್ಲೆ. ನೋಡಿದರೆ ಈಗಾಗಲೇ ಶುರುವಾದ ಹಾಗಿದೆ.)

ಕಳೆದ ಭಾನುವಾರ ಮಧ್ಯಾಹ್ನ ಇಬ್ಬರೂ ಹಿತ್ತಿಲ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆವು. ನೆನೆಸಿದ ಕಾಳನ್ನು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅಕ್ಕನ ಕೈಯಲ್ಲಿ ಅದು ಮಳೆಹನಿಯ ಹಾಗೆ ಬೀಳುತ್ತದೆ. ನಾನು ಒಂದನ್ನು ಹಿದುಕುವಷ್ಟರಲ್ಲಿ ಅವರದು ನಾಲ್ಕು. ಮಾತು ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ತಲೆ ಎತ್ತದೆ ಕೇಳಿಬಿಟ್ಟೆ.

ಅಕ್ಕನ ಬೆರಳುಗಳು ನಿಂತವು. ಒಂದು ಕಾಳು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಸೆರಗಿಗೆ ಒರೆಸಿ ಪಾತ್ರೆಗೆ ಹಾಕಿದರು. ಮತ್ತೆ ಹಿದುಕತೊಡಗಿದರು. “ಸಂಜೆ ಸಾರಿಗೆ ಇಷ್ಟು ಬೇಳೆ ಸಾಕಾಗತ್ತಾ ನೋಡು” ಅಂದರು. ಸಾಕು ಅಂದೆ. ಪಾತ್ರೆ ತೆಗೆದುಕೊಂಡು ಒಳಗೆ ಹೋದರು.

ವಾರವಾಯಿತು. ಪಿ.ಜಿ.ಗೆ ಬರುವ ಪೇಪರನ್ನು ಅಕ್ಕ ಓದುತ್ತಾರೆ, ಈ ಪುಟವನ್ನೂ ಓದುತ್ತಾರೆ. ಅದಕ್ಕೇ ಕೇಳಿದ್ದನ್ನು ಇಲ್ಲಿ ಇನ್ನೊಮ್ಮೆ ಇಡುತ್ತಿದ್ದೇನೆ.

“ಅಕ್ಕ, ಅವತ್ತು ನೀವು ಎದ್ದು ನಿಂತಿದ್ದು ನಿಮಗೋಸ್ಕರಾನಾ, ನನಗೋಸ್ಕರಾನಾ?”